ಅರಮನೆಯ ಬೋಗುಣಿ

"ಬಿಡೇ ಅದನ್ನ!" ಎಂದು ಅಪ್ಪ ಮಗಳ ಬೆರಳುಗಳನ್ನು ಒಂದೊಂದಾಗಿ ತಿರುಚಿ ಬಿಡಿಸುತ್ತಿದ್ದ. ಗಾಜಿನ ಬೋಗುಣಿ ಇಬ್ಬರ ಕೈಯಲ್ಲೂ ಇತ್ತು. ಪಕ್ಕದ ಕೋಣೆಯಲ್ಲಿ ಅಮ್ಮನ ಹೆಣ ತೊಳೆಯುತ್ತಿದ್ದ ಹೆಂಗಸರು ನೀರು ಸುರಿಯುವುದನ್ನು ನಿಲ್ಲಿಸಿದರು.

"ಅಪ್ಪ, ಇವತ್ತೊಂದಿನ ಸುಮ್ನಿರಿ. ಅಮ್ಮನ್ನ ಕಳಿಸಿ ಬರೋಣ."

"ಅಷ್ಟರಲ್ಲಿ ನಿನ್ನ ಮಾವ ಇದನ್ನ ಚೀಲಕ್ಕೆ ಹಾಕ್ಕೊಂಡು ಹೋಗಿರ್ತಾನೆ. ಅವನ ಕಣ್ಣು ಎಲ್ಲಿದೆ ಅಂತ ನನಗೆ ಗೊತ್ತಿಲ್ವಾ?"

ಮಾವ, ಅಂದರೆ ಅಮ್ಮನ ತಮ್ಮ, ಬಾಗಿಲಲ್ಲೇ ನಿಂತಿದ್ದ. "ಭಾವ, ಹೆಣ ಇನ್ನೂ ಮನೇಲಿದೆ. ವ್ಯಾಪಾರಕ್ಕೆ ಕೂತ್ರಲ್ಲ, ನಾಚಿಕೆ ಆಗಲ್ವಾ?"

ನಾಚಿಕೆಗೂ ಅಪ್ಪನಿಗೂ ಎಣ್ಣೆ ಸೀಗೇಕಾಯಿ. ಬಸ್ಸು ಓಡಿಸುವವನು; ದಾರಿಯಲ್ಲಿ ನುಂಗಿಕೊಂಡ ಸಿಟ್ಟನ್ನೆಲ್ಲ ಮನೆಗೆ ತಂದು ಹೆಂಡತಿಯ ಮೈಮೇಲೆ ಇಳಿಸುತ್ತಿದ್ದ. ಒಳಗಿನ ಹೆಂಗಸರು ಈಗ ನೋಡುತ್ತಿದ್ದದ್ದು ಅದನ್ನೇ: ಸೊಟ್ಟಗೆ ಕೂಡಿಕೊಂಡ ಮಣಿಕಟ್ಟು, ಹುಬ್ಬಿನ ಮೇಲಿನ ಹೊಲಿಗೆ ಗುರುತು.

"ಜ್ವರ ಬಂದು ಸತ್ತಳಲ್ಲ, ಪುಣ್ಯಾತ್ಗಿತ್ತಿ," ಎಂದಳು ಪಕ್ಕದ ಮನೆಯ ಟೈಲರಮ್ಮ. "ಅವನ ಕೈಯಲ್ಲಿ ಸಾಯ್ಲಿಲ್ಲ."

ಅಪ್ಪ ಕರೆಸಿದ್ದ ಹಳೇಸಾಮಾನಿನ ಅಂಗಡಿಯವನು ಮುಳ್ಳಿನ ಮೇಲೆ ಕೂತಂತೆ ಕುರ್ಚಿಯ ತುದಿಯಲ್ಲಿ ಕೂತಿದ್ದ. ಸಾವಿನ ಮನೆಯೆಂದು ಅವನಿಗೆ ಯಾರೂ ಹೇಳಿರಲಿಲ್ಲ.

*

ಮಗಳು ಚಿಕ್ಕವಳಿದ್ದಾಗ ಒಂದು ಬೆಳಿಗ್ಗೆ, ಅಂಗಿಗೆ ಇಸ್ತ್ರಿಯಾಗಿಲ್ಲವೆಂದು ಅಪ್ಪ ಬೆಲ್ಟು ಬಿಚ್ಚಿದ್ದ. ಅಮ್ಮ ಗೋಡೆಗೆ ಒತ್ತಿ ನಿಂತು, ಕಪಾಟಿನ ಮೇಲಿದ್ದ ಬೋಗುಣಿಯನ್ನು ಎದೆಗೆ ಹಿಡಿದಳು.

"ಹೊಡೀರಿ. ನಮ್ಮಜ್ಜಿಗೆ ಅರಮನೆಯಿಂದ ಬಂದದ್ದು, ಮೊನ್ನೆ ತವರಿಂದ ತಂದೆ. ಅಂಚಲ್ಲಿ ನೋಡಿ, ಚಿನ್ನದ ಗೆರೆ ಸವೆದಿದೆ. ಹಳೇದಾದಷ್ಟೂ ಬೆಲೆ ಜಾಸ್ತಿ. ಕೈ ಜಾರಿ ಒಡೆದ್ರೆ ನನ್ನ ಕೇಳ್ಬೇಡಿ."

ಎತ್ತಿದ ಬೆಲ್ಟು ಅಲ್ಲೇ ನಿಂತಿತು. "ಇದರ ಮೇಲೆ ಒಂದು ಗುರುತೂ ಇಲ್ವಲ್ಲ?"

"ಪಾತ್ರೆ ಮೇಲೆ ಹೆಸರು ಕೊರ್ಸೋರು ನಮ್ಮಂಥೋರು. ರಾಜರಿಗೆ ಯಾಕೆ?"

ಅಂದಿನಿಂದ ಬೋಗುಣಿ ಕೈಯಲ್ಲಿದ್ದರೆ ಏಟಿಲ್ಲ. ಅದು ಕೈಗೆ ಸಿಗುವ ಮುಂಚೆ ಬಿದ್ದದ್ದು ಬಿದ್ದದ್ದೇ. ಗೇಟಿನ ಸದ್ದಾದರೆ ಕಪಾಟಿನ ಹತ್ತಿರ ಓಡು ಎಂದು ಅಮ್ಮ ಮಗಳಿಗೂ ಕಲಿಸಿದಳು. ತಾನು ಪ್ಯಾಕಿಂಗ್ ಕೆಲಸ ಮಾಡುವ ಗಾಜಿನ ಕಾರ್ಖಾನೆಯ ಗುಜರಿ ರಾಶಿಯಿಂದ ಅದನ್ನು ಎತ್ತಿ ತಂದದ್ದೆಂದು ಹೇಳಿದ್ದು ಮಾತ್ರ ಹೋದ ವಾರ, ಜ್ವರದಲ್ಲಿ ನಗುತ್ತಾ. "ನಾನಿಲ್ದಿದ್ರೂ ಇದು ಇರುತ್ತೆ ನಿಂಗೆ. ಬಾಯಿ ಬಿಡ್ಬೇಡ."

*

ಅಪ್ಪ ಕಿತ್ತು ಕೊಟ್ಟ ಬೋಗುಣಿಯನ್ನು ಅಂಗಡಿಯವನು ಕಿಟಕಿಯ ಬೆಳಕಿಗೆ ಹಿಡಿದ. ಹೊರಮೈ ಮೇಲೆ ಉಗುರು ಎಳೆದ, ಅಂಚಿನ ಕಂದು ಗೆರೆ ಕೆರೆದು ಬೆರಳು ಮೂಸಿದ. ಹೇಳಬೇಡ, ದಮ್ಮಯ್ಯ ಹೇಳಬೇಡ ಎಂದು ಮಗಳು ಕಣ್ಣಲ್ಲೇ ಬೇಡಿಕೊಂಡಳು. ನಾಳೆಯಿಂದ ಈ ಮನೆಯಲ್ಲಿ ಅಪ್ಪ ಮತ್ತು ಅವಳು ಇಬ್ಬರೇ.

ಅವನು ಅವಳತ್ತ ನೋಡಲೇ ಇಲ್ಲ. "ಇದು ಚಿನ್ನ ಅಲ್ಲ, ತುಕ್ಕು. ಇಲ್ಲಿ ಕಬ್ಬಿಣದ ಬಳೆ ಕೂರ್ತಿತ್ತು," ಎಂದು ಬೋರಲು ಹಾಕಿದ. "ಅಚ್ಚಿನ ಗೆರೆ ಇದೆ, ನಮ್ಮೂರ ಕಾರ್ಖಾನೇದೇ. ಬೋಗುಣಿನೇ ಅಲ್ಲ ಸ್ವಾಮಿ, ಗಣಿಯೊಳಗೆ ಹಾಕೋ ದೀಪದ ಮುಚ್ಚಳ. ತಲೆಕೆಳಗು ಮಾಡಿ ಇಟ್ಕೊಂಡಿದ್ದೀರಿ."

ಒಳಗೆ ಟೈಲರಮ್ಮ ಕಿಸಕ್ಕನೆ ನಕ್ಕುಬಿಟ್ಟಳು.

"ನಿಂಗೂ ಗೊತ್ತಿತ್ತಾ?" ಎಂದ ಅಪ್ಪ, ಮಗಳತ್ತ ತಿರುಗಿ.

ಮಗಳು ತಲೆ ತಗ್ಗಿಸಲಿಲ್ಲ. "ಗೊತ್ತಿತ್ತು."

ಕಪಾಳಕ್ಕೆ ಬಿದ್ದ ಏಟಿಗೆ ಅವಳು ಉರುಳಿಬಿದ್ದಳು. ತುಟಿ ಒಡೆಯಿತು. ಮಾವ ನುಗ್ಗಿ ಅಪ್ಪನ ಕುತ್ತಿಗೆಪಟ್ಟಿ ಹಿಡಿದು ಗೋಡೆಗೆ ಅಪ್ಪಳಿಸಿದ. ಅಪ್ಪ ಮೊಣಕಾಲಿನಿಂದ ಅವನ ಹೊಟ್ಟೆಗೆ ಗುದ್ದಿ ಬಿಡಿಸಿಕೊಂಡು, ಬೋಗುಣಿಯನ್ನೆತ್ತಿ ಹೆಣವಿದ್ದ ಕೋಣೆಯತ್ತ ಬೀಸಿ ಎಸೆದ.

ಅದು ಬಾಗಿಲ ಪಕ್ಕದ ಗೋಡೆಗೆ ಬಡಿದು, ಗಾರೆ ಉದುರಿಸಿ, ನೆಲದ ಮೇಲೆ ಗಡಗಡ ಉರುಳಿ ನಿಂತಿತು. ಒಂದು ಬಿರುಕೂ ಇರಲಿಲ್ಲ.

"ಅದು ಒಡೆಯಲ್ಲ," ಎಂದ ಅಂಗಡಿಯವನು, ಹೊರಕ್ಕೆ ಜಾರಿಕೊಳ್ಳುತ್ತಾ. "ಮೇಲಿಂದ ಬಂಡೆ ಬಿದ್ರೂ ತಡೀಲಿ ಅಂತಲೇ ಮಾಡಿರ್ತಾರೆ."

ಮಗಳಿಗೆ ಅಮ್ಮನ ಮೇಲೆ ಎಂಥ ಪ್ರೀತಿ ಉಕ್ಕಿತೆಂದರೆ ಕೆನ್ನೆಯ ಉರಿಯೇ ಮರೆತುಹೋಯಿತು. ಮಾವ ಹೊಟ್ಟೆ ಹಿಡಿದುಕೊಂಡೇ ಹೇಳಿದ: "ಬಟ್ಟೆ ಎತ್ಕೋ ಪುಟ್ಟಿ. ಮಣ್ಣು ಮುಗಿಸಿ ನಮ್ಮನೆಗೆ ಹೋಗೋಣ. ಇಲ್ಲಿಗೆ ವಾಪಸ್ ಬರೋದು ಬೇಡ."

ಹೆಣದ ವ್ಯಾನು ಹೊರಟಾಗ ಅವಳು ಅಮ್ಮನ ತಲೆಯ ಪಕ್ಕ ಕೂತು, ಬಟ್ಟೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಕಿಟಕಿಯಿಂದ ನೋಡಿದಳು. ಅಪ್ಪನನ್ನು ಯಾರೂ ಕರೆದಿರಲಿಲ್ಲ. ಅವನು ಬಾಗಿಲ ಮುಂದೆ ಮಂಡಿಯೂರಿ, ಬೋಗುಣಿಯನ್ನು ಎರಡೂ ಕೈಯಲ್ಲಿ ಹಿಡಿದು ಕಲ್ಲಿನ ಮೆಟ್ಟಿಲಿಗೆ ಚಚ್ಚುತ್ತಿದ್ದ. ಬೆರಳ ಗೆಣ್ಣುಗಳಿಂದ ರಕ್ತ ಸೋರುತ್ತಿತ್ತು. ಮೆಟ್ಟಿಲ ಮೂಲೆ ಒಡೆದು ಉದುರಿತ್ತು.