ಕಿಟಕಿ ಬದಿಯ ಸೀಟು

ಹಾಸಿಗೆಯ ಎರಡು ಮೂಲೆ ಹಿಡಿದೆಳೆದು ಚಂಪಾ ಹಿತ್ತಿಲ ಬಾಗಿಲಿನ ಹೊಸ್ತಿಲು ದಾಟಿಸಿದಳು. ನಡುವಿನ ಒದ್ದೆ ಇನ್ನೂ ಆರಿರಲಿಲ್ಲ. ಮೂತ್ರ, ಡೆಟ್ಟಾಲ್, ಹುಳಿ ಬಂದ ಗಂಜಿ ಮೂರೂ ಸೇರಿದ ನಾತಕ್ಕೆ ಅವಳು ಮುಖ ಪಕ್ಕಕ್ಕೆ ತಿರುಗಿಸಿದಳು. ಮಾವ ಬೂಬ ತೀರಿಕೊಂಡು ಒಂದು ದಿನವಾಗಿತ್ತು. ಶಾರ್ಜಾದಿಂದ ಗಂಡ ದೀಪೇಶ್ ಬಂದು ಮುಟ್ಟುವ ತನಕ ಹೆಣವನ್ನು ಶವಾಗಾರದಲ್ಲಿಟ್ಟಿದ್ದರು. ಹತ್ತು ಗಂಟೆಗೆ ಮನೆಗೆ ತರುತ್ತಾರೆ. ಅಷ್ಟರೊಳಗೆ ಈ ಹಾಸಿಗೆ ಯಾರ ಕಣ್ಣಿಗೂ ಬೀಳಬಾರದಿತ್ತು.

ಬಿತ್ತು. ಬೆಂಗ್ರೆಯಿಂದ ಮೊದಲ ದೋಣಿ ಹತ್ತಿ ಬಂದಿದ್ದ ಬೂಬನ ತಂಗಿ ವಾರಿಜಾಕ್ಷಿ ಸೀದಾ ಹಿತ್ತಿಲಿಗೇ ಬಂದು ನಿಂತಿದ್ದಳು. ಸೆರಗು ಮೂಗಿನ ಮೇಲಿತ್ತು. ಅಣ್ಣ ಕಾಯಿಲೆ ಬಿದ್ದ ಈ ಮೂರು ವರ್ಷದಲ್ಲಿ ಅವಳು ಅವನನ್ನು ನೋಡಲು ಬಂದದ್ದು ಎರಡೇ ಸಲ. ಆ ಎರಡು ಸಲವೂ ಸೆರಗು ಅಲ್ಲಿಂದ ಇಳಿದಿರಲಿಲ್ಲ.

"ಇದೆಲ್ಲ ನೀನೊಬ್ಬಳೇ ಮಾಡಿದೆಯಲ್ಲ ಚಂಪಾ," ಎಂದಳು. "ನನ್ನ ಅಣ್ಣ ಪುಣ್ಯ ಮಾಡಿದ್ದ. ಒಂದು ದಿನ ನೀನು ಸ್ವರ ಎತ್ತಿದ್ದು ಉಂಟಾ? ಶಕ್ತಿನಗರ ಇಡೀ ಹೇಳ್ತದೆ."

"ಹಾಗೆಂತ ಇಲ್ಲ ಅತ್ತೆ."

"ಎಂತ ಇಲ್ಲ? ದೇವರಂಥವಳು ನೀನು."

ದೇವರಂಥವಳು ಹಾಸಿಗೆಯನ್ನು ಕಾಲಿನಿಂದ ತೆಂಗಿನ ಬುಡಕ್ಕೆ ದೂಡಿದಳು. ನಿನ್ನೆಯಿಂದ ಇದೇ ಮಾತು ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು. ಅವಳು ನೆಚ್ಚಿಕೊಂಡದ್ದು ಒಂದನ್ನೇ. ಮುದುಕನಿಗೆ ಏನೂ ಗೊತ್ತಾಗಿರಲಿಲ್ಲ.

*

ಬೂಬ ಮೂವತ್ತೊಂದು ವರ್ಷ ಸಿಟಿ ಬಸ್ಸಿನ ಕಂಡಕ್ಟರ್ ಆಗಿದ್ದವ. ತುಂಬಿದ ಬಸ್ಸಿನಲ್ಲಿ ಯಾರು ಟಿಕೆಟ್ ತೆಗೆದಿಲ್ಲ ಎಂದು ಮುಖ ನೋಡಿಯೇ ಹೇಳುತ್ತಿದ್ದ. ಅಂಥವನ ಮುಂದೆ, ಮೂರು ವರ್ಷದ ಹಿಂದೆ, ಅತ್ತಾವರದ ಡಾಕ್ಟರಮ್ಮ ಮುಖಗಳ ಚಿತ್ರ ಹರವಿದರು. ಒಂದು ನಗುವ ಮುಖ, ಒಂದು ಸಿಟ್ಟಿನದು, ಒಂದು ಹೆದರಿದ್ದು, ಒಂದು ಹೇಸಿಕೊಂಡದ್ದು.

"ಇವರಿಗೆ ಎಂತ ಆಗಿದೆ ಅಂತ ಹೇಳ್ತೀರಾ ಬೂಬಣ್ಣ?"

ಬೂಬ ತುಂಬ ಹೊತ್ತು ನೋಡಿದ. "ಇವ ಟಿಕೆಟ್ ತೆಗೆದಿದ್ದಾನೆ," ಎಂದ. ಮುಂದಿನದಕ್ಕೂ ಅದನ್ನೇ ಹೇಳಿದ. ನಾಲ್ಕನೆಯದಕ್ಕೆ, "ಇವ ಪಾಸ್," ಎಂದ.

ಡಾಕ್ಟರಮ್ಮ ಚಂಪಾಳ ಕಡೆ ತಿರುಗಿದರು. "ಇದು ಲೂಯಿ ಬಾಡಿ ಎನ್ನುವ ಮರೆವಿನ ಕಾಯಿಲೆ. ಅಂಗಳದಲ್ಲಿ ಇಲ್ಲದ ಮಕ್ಕಳು ಕಾಣುವುದು, ಮಂಚದಡಿ ನಾಯಿ ಕಾಣುವುದು ಎಲ್ಲ ಅದರದ್ದೇ. ಮೆದುಳಿನೊಳಗೆ ಬಾದಾಮಿಯಷ್ಟು ಒಂದು ಜಾಗ ಉಂಟು. ಹೆದರಿಕೆ, ಸಿಟ್ಟು, ಎದುರಿನವರ ಮುಖ ನೋಡಿ ಮನಸ್ಸು ತಿಳಿಯುವುದು, ಎಲ್ಲದಕ್ಕೂ ಅದು ಬೇಕು. ಅಲ್ಲಿ ಒಂದು ಜಾತಿಯ ಪ್ರೋಟೀನ್ ಗಂಟುಕಟ್ಟಿದೆ. ಕೆಲವು ದಿನ ಮುಖ ನೋಡಿದರೆ ಗೊತ್ತಾದೀತು, ಕೆಲವು ದಿನ ಇಲ್ಲ. ಗೊತ್ತಾದರೂ ತಪ್ಪು ಗೊತ್ತಾದೀತು."

ಇಷ್ಟರಲ್ಲಿ ಚಂಪಾ ಕೇಳಿಸಿಕೊಂಡದ್ದು, ಮುಖ ನೋಡಿದರೆ ಗೊತ್ತಾಗುವುದಿಲ್ಲ ಎಂಬುದೊಂದನ್ನೇ.

ಅಂದಿನಿಂದ ಅವಳು ಮುಖದ ಲಗಾಮು ಬಿಟ್ಟಳು. ದನಿಯನ್ನು ಮಾತ್ರ ಬಿಗಿ ಹಿಡಿದಳು, ಏಕೆಂದರೆ ಆರಡಿ ಆಚೆಗೆ ಪಕ್ಕದ ಮನೆಯ ಲಿಲ್ಲಿ ಬಾಯಿಯ ಅಡುಗೆಮನೆ ಇತ್ತು. "ಬನ್ನಿ ಮಾವ, ಎರಡು ತುತ್ತು ಉಣ್ಣಿ," ಎಂದು ಬೆಲ್ಲದಂಥ ದನಿಯಲ್ಲಿ ಕರೆಯುತ್ತ, ಮೂಗು ಮುರಿದು, ತುಟಿ ಸೊಟ್ಟ ಮಾಡಿ, ಕಾರಿಕೊಳ್ಳುವವಳಂತೆ ನಾಲಿಗೆ ಹೊರಗೆ ಹಾಕುತ್ತಿದ್ದಳು. ಸುರಿಯುವ ಜೊಲ್ಲು, ಪಂಚೆಯ ಕಲೆ, ಉಗುರಿನ ಸಂದಿಯ ಹೇಲು. ದಿನಕ್ಕೆ ಮೂರು ಹೊತ್ತು ಇದೇ. ಮುದುಕನ ಎದುರಿಗೇ ಹಾಗೆ ಮುಖ ಮಾಡುವುದರಲ್ಲಿ ಅವಳಿಗೊಂದು ಸುಖವೂ ಇತ್ತು, ಸುಳ್ಳೇಕೆ. ಅವನೋ ಅವಳನ್ನೇ ನೋಡುತ್ತ ಕೂತಿರುತ್ತಿದ್ದ.

ಕೊನೆಯ ಎರಡು ತಿಂಗಳು ಬಟ್ಟಲನ್ನು ದೂಡತೊಡಗಿದ. "ಬೇಡ," ಎನ್ನುತ್ತಿದ್ದ, ಅಷ್ಟೇ. ಎಲುಬು ಎಣಿಸುವಂತಾದ. ಕಾಯಿಲೆ ಹೆಚ್ಚಾಯಿತೆಂದು ಚಂಪಾ ಗಂಡನಿಗೆ ಫೋನಿನಲ್ಲಿ ಹೇಳಿದಳು. ತೊಳೆಯುವ ಕೆಲಸ ಅರ್ಧ ಕಡಿಮೆಯಾದದ್ದನ್ನು ಹೇಳಲಿಲ್ಲ.

*

ಗಂಡಸರು ಅಂಗಳದಲ್ಲಿ ಹೆಣವನ್ನು ಮೀಯಿಸಿ, ಹೊಸ ಪಂಚೆ ಉಡಿಸಿ, ಚಾವಡಿಯಲ್ಲಿ ಬಾಳೆ ಎಲೆಯ ಮೇಲೆ ಮಲಗಿಸಿದರು. ದೀಪೇಶ್ ಅಪ್ಪನ ತಲೆಯ ಹತ್ತಿರ ಕೂತು ಬಿಕ್ಕುತ್ತಿದ್ದ. ಲಿಲ್ಲಿ ಬಾಯಿ ಅವನ ಬೆನ್ನು ಸವರಿದಳು.

"ಎಂಥ ಮನುಷ್ಯ ಮಾರಾಯ," ಎಂದಳು. "ತಲೆ ಹೋದ ಮೇಲೂ ಡ್ಯೂಟಿ ಬಿಡಲಿಲ್ಲ. ಚಂಪಾ ಬಟ್ಟೆ ಒಗೆಯುವಾಗ ಮೆಲ್ಲ ಕಂಪೌಂಡ್ ಹತ್ತಿರ ಬರ್ತಿದ್ರು. ಬಾಯಮ್ಮ, ಹಾಲಿನ ಖಾಲಿ ಪ್ಯಾಕೆಟ್ ಉಂಟಾ ಅಂತ ಕೇಳ್ತಿದ್ರು."

"ಅದು ಎಂತಕ್ಕೆ?" ದೀಪೇಶ್ ಕೇಳಿದ.

"ಮನೆಯಲ್ಲಿ ಒಬ್ಬಳು ಹೆಂಗಸು ಇದ್ದಾಳಂತೆ. ಅನ್ನ ತರುವಾಗೆಲ್ಲ ಅವಳಿಗೆ ವಾಂತಿ ಬರುವ ಹಾಗೆ ಆಗ್ತದಂತೆ. ಬಸ್ಸಿನಲ್ಲಿ ಎಷ್ಟು ಜನರನ್ನು ನೋಡಿದ್ದೇನೆ, ಮುಖ ಕಂಡರೆ ನನಗೆ ಗೊತ್ತಾಗುದಿಲ್ವಾ ಅಂದ್ರು. ಕಿಟಕಿ ಬದಿಯ ಸೀಟು ಕೊಡುವ ಅಂದ್ರೆ ಒಂದೂ ಖಾಲಿ ಇಲ್ಲವಂತೆ. ಹಾಗಾಗಿ ಅವಳಿಗೆ ವಾಂತಿ ಮಾಡ್ಲಿಕ್ಕೆ ಪ್ಯಾಕೆಟ್ ಬೇಕಂತೆ."

ಕೂತವರಲ್ಲಿ ನಾಲ್ಕೈದು ಜನ ಕಣ್ಣೀರಿನ ನಡುವೆಯೇ ನಕ್ಕರು. ವಾರಿಜಾಕ್ಷಿ ಎಲ್ಲರಿಗಿಂತ ಜೋರಾಗಿ ನಕ್ಕಳು. ಚಂಪಾ ಗೋಡೆಗೆ ಒರಗಿದಳು.

"ಮತ್ತೆ ಎಂತ ಹೇಳಿದ್ರು?" ಎಂದು ಕೇಳಿದಳು.

"ಅನ್ನದ ವಾಸನೆಗೇ ಅವಳಿಗೆ ಹಾಗಾಗುದು ಪಾಪ, ನಾನು ಉಣ್ಣುದು ಬಿಟ್ಟರೆ ಅವಳಿಗೆ ತರುವ ಕಷ್ಟ ಇಲ್ಲ ಅಂದ್ರು. ನಾನು ಬೈದೆ, ಹಾಗೆಲ್ಲ ಹೇಳ್ಬೇಡಿ ಬೂಬಣ್ಣ, ಉಣ್ಣಿ ಅಂತ. ಇಲ್ಲದ ನಾಯಿ ಕಾಣ್ತದಲ್ಲ, ಹಾಗೆ ಇದೊಂದು ಇಲ್ಲದ ಹೆಂಗಸು ಅಂತ ಗ್ರಹಿಸಿದೆ. ಎರಡು ತಿಂಗಳಾಯ್ತು. ನಿನಗೆ ಸುಮ್ಮನೆ ಬೇಜಾರು ಯಾಕೆ ಅಂತ ಹೇಳಲಿಲ್ಲ."

ಚಂಪಾಳಿಗೆ ತನ್ನ ಮೇಲೆ ಹುಟ್ಟಿದ ಹೇಸಿಗೆಯ ಮುಂದೆ ಮೂರು ವರ್ಷದ ಹೇಲು ಮೂತ್ರ ಏನೂ ಅಲ್ಲ ಎನಿಸಿತು. ಮುದುಕ ಅವಳ ಮುಖ ನೋಡಿದ್ದ. ನೋಡಿ, ಅವಳಿಗೆ ಹುಷಾರಿಲ್ಲ ಎಂದುಕೊಂಡಿದ್ದ. ಅವಳಿಗೋಸ್ಕರ ಹಸಿದಿದ್ದ. ಇದನ್ನು ಒಳಗಿಟ್ಟುಕೊಂಡು ಕೂರಲು ಅವಳಿಂದ ಸಾಧ್ಯವಿರಲಿಲ್ಲ.

"ಆ ಹೆಂಗಸು ನಾನೇ," ಎಂದಳು.

"ಮತ್ತೆ ಯಾರು? ಅನ್ನ ಕೊಡ್ತಿದ್ದದ್ದು ನೀನೇ ಅಲ್ವಾ," ಎಂದಳು ವಾರಿಜಾಕ್ಷಿ.

"ಹಾಗಲ್ಲ ಅತ್ತೆ. ನನ್ನ ಮುಖ ಹಾಗೇ ಇತ್ತು. ನಾನು ಬೇಕೂಂತಲೇ ಮಾಡ್ತಿದ್ದೆ, ಅವರಿಗೆ ಗೊತ್ತಾಗುದಿಲ್ಲ ಅಂತ."

ದೀಪೇಶ್ ತಲೆ ಎತ್ತಿ ಹೆಂಡತಿಯನ್ನು ನೋಡಿದ. ವಾರಿಜಾಕ್ಷಿ ಎದ್ದು ಬಂದು ಅವಳನ್ನು ಎದೆಗೆ ಒತ್ತಿಕೊಂಡಳು.

"ಸಂಕಟಕ್ಕೆ ಎಂತೆಂತದೋ ಹೇಳ್ತಾಳೆ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. "ನಿದ್ದೆ ಇಲ್ಲ, ಊಟ ಇಲ್ಲ. ಅವನ ತಲೆ ಸರಿ ಇರಲಿಲ್ಲ ಮಗಾ. ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ."

ದೀಪೇಶ್ ತಲೆಯಾಡಿಸಿ ಮತ್ತೆ ಅಪ್ಪನ ಕಡೆ ತಿರುಗಿದ. ಹೊರಗೆ ಆಂಬುಲೆನ್ಸಿನವ ಹಾರ್ನ್ ಹಾಕಿದ.

"ನೀರು ಬಿಡುವವರು ಬೇಗ ಬನ್ನಿ," ಯಾರೋ ಕರೆದರು.

ಹೆಣ ಎತ್ತುವ ಮೊದಲು ಮನೆಯವರು ಒಬ್ಬೊಬ್ಬರೇ ತುಳಸಿಯ ಕುಡಿ ಅದ್ದಿ ಬಾಯಿಗೆ ನೀರು ಬಿಡಬೇಕು. ದೀಪೇಶ್ ಬಿಟ್ಟ. ವಾರಿಜಾಕ್ಷಿ ಬಿಟ್ಟಳು. ಚಂಪಾ ಮೊಣಕಾಲೂರಿ ಕೂತು ಬಗ್ಗಿದಳು. ಬೂಬನ ಒಂದು ರೆಪ್ಪೆ ಪೂರ್ತಿ ಮುಚ್ಚಿರಲಿಲ್ಲ. ಅವಳು ಮುಖವನ್ನು ನೆಟ್ಟಗಿಡಲು ನೋಡಿದಳು. ಮೂರು ವರ್ಷದ ಅಭ್ಯಾಸ, ಮೂಗು ತಾನಾಗಿ ಸುಕ್ಕಾಯಿತು, ತುಟಿ ಸೊಟ್ಟಗಾಯಿತು. ಸರಿ ಮಾಡಲು ಹೋದಷ್ಟೂ ಅದು ಅಲ್ಲಿಗೇ ಹೋಯಿತು. ಅವಳು ಸೆರಗನ್ನು ತಲೆಯ ಮೇಲಿಂದ ಗದ್ದದ ತನಕ ಎಳೆದುಕೊಂಡಳು.

"ಎಷ್ಟು ದುಃಖ ನೋಡಿ ಆ ಹುಡುಗಿಗೆ," ಎಂದಳು ಲಿಲ್ಲಿ ಬಾಯಿ.

ಚಂಪಾ ಅಂದಾಜಿನಲ್ಲಿ ಕೈ ಚಾಚಿದಳು. ನೀರು ಕೆನ್ನೆಯ ಮೇಲೆ ಬಿದ್ದು ಕಿವಿಯ ಕಡೆ ಹರಿಯಿತು.

"ಬಾಯಿಗೆ ಚಂಪಾ, ಬಾಯಿಗೆ," ಎಂದಳು ವಾರಿಜಾಕ್ಷಿ. "ಸೆರಗು ತೆಗೆ."

ಅವಳು ತೆಗೆಯಲಿಲ್ಲ. ತಡವುತ್ತ ತುಳಸಿಯನ್ನು ಮತ್ತೆ ಅದ್ದಿ, ಮತ್ತೆ ಬಿಟ್ಟಳು. ನೀರು ಮೂಗಿನ ಪಕ್ಕದಿಂದ ಇಳಿದು, ಮುಚ್ಚಿದ ತುಟಿಯನ್ನು ಮುಟ್ಟದೆ, ಬಾಳೆ ಎಲೆಯ ಮೇಲೆ ಹನಿ ಹನಿಯಾಗಿ ನಿಂತಿತು.