ಬಲ ರೆಕ್ಕೆಗೆ ಒಂದು ಚಮಚ ಎಣ್ಣೆ

ಹಿತ್ತಾಳೆ ಬಟ್ಟಲು ಹಿಡಿದು ಇವರು ಅಡುಗೆಮನೆಯ ಬಾಗಿಲಲ್ಲಿ ನಿಂತರೆಂದರೆ ಎಡ ರೆಕ್ಕೆ ಮುಗಿಯಿತೆಂದೇ ಅರ್ಥ. "ಒಂದು ಚಮಚ ಎಣ್ಣೆ ಕೊಡೇ," ಎನ್ನುತ್ತಿದ್ದರು. "ನಿಮ್ಮ ವಿಮಾನಕ್ಕೆ ಒಗ್ಗರಣೆ ಬೇರೆ ಕೇಡು," ಎಂದು ಗೊಣಗುತ್ತಲೇ ನಾನು ಸುರಿಯುತ್ತಿದ್ದೆ.

ನನ್ನ ಗಂಡ ಪದ್ಮರಾಜಯ್ಯನವರ ಹುಚ್ಚೆಂದರೆ ಹಳೆಯ ಕಾಲದ ಮಾದರಿ ವಿಮಾನಗಳು. ಹಗುರ ಮರದ ಕಡ್ಡಿಗಳ ಮೈ, ಮೇಲೆ ತೆಳು ರೇಷ್ಮೆ, ಮೂತಿಗೊಂದು ಪುಟ್ಟ ಎಂಜಿನ್ನು. ನೆಲದ ಮೇಲೆ ನಿಂತು ಕೈಯಲ್ಲಿನ ರೇಡಿಯೊ ಪೆಟ್ಟಿಗೆಯಿಂದ ಹಾರಿಸಬೇಕು. ಅಂಗಡಿಯ ಸಿದ್ಧ ವಿಮಾನಗಳೆಂದರೆ ಇವರಿಗೆ ತಾತ್ಸಾರ. ಹರೆಯದಲ್ಲಿ ಟಪಾಲಿನಲ್ಲಿ ತರಿಸಿದ ಮೂಲ ನಕ್ಷೆಯನ್ನೇ ಮೇಜಿನ ಮೇಲೆ ಹಾಸಿ, ಗೆರೆಯ ಮೇಲೆ ಕಡ್ಡಿಯಿಟ್ಟು, ಗುಂಡುಸೂಜಿ ಚುಚ್ಚಿ ಅಂಟಿಸಬೇಕು. ಆ ನಕ್ಷೆಗಳಲ್ಲಿ ಕಾಗದ ಉಳಿಸಲೆಂದು ಎಡ ರೆಕ್ಕೆಯನ್ನಷ್ಟೇ ಬರೆದಿರುತ್ತಿದ್ದರು. ಅದನ್ನು ಕಟ್ಟಿ ಮುಗಿಸಿ ಕಾಗದಕ್ಕೆ ಎಣ್ಣೆ ಸವರಿದರೆ ಗೆರೆಗಳು ಹಿಂಬದಿಗೂ ಕಾಣುತ್ತಿದ್ದವು. ಆಗ ಮಗುಚಿ ಹಾಕಿ ಬಲ ರೆಕ್ಕೆ ಕಟ್ಟುವುದು. "ಬಲಗಡೇದು ಇದರ ಬೆನ್ನಲ್ಲೇ ಇದೆ ಕಣೇ," ಎಂದು ಪ್ರತಿ ಸಲವೂ ಹೊಸದಾಗಿ ಕಂಡುಹಿಡಿದವರ ಹಾಗೆ ಹೇಳುತ್ತಿದ್ದರು.

ಆ ವರ್ಷ ಇವರು ಎಣ್ಣೆ ಕೇಳಲು ಬರಲಿಲ್ಲ. ಪೇಟೆಯಿಂದ ತಾವೇ ತಂದುಕೊಂಡಿರಬೇಕು, ಸದ್ಯ ಬುದ್ಧಿ ಬಂತು ಎಂದುಕೊಂಡೆ.

ಊರ ಮೈದಾನದ ವಾರ್ಷಿಕ ಹಾರಾಟ ಹತ್ತಿರವಾದಾಗ, ಇವರ ಕೈಯಲ್ಲೇ ಪಳಗಿದ ಫೆಲಿಕ್ಸ್ ರೆಕ್ಕೆ ಜೋಡಿಸಲು ಬಂದ. ಎರಡನ್ನೂ ಪಕ್ಕಪಕ್ಕ ಹಿಡಿದವನೇ ಬಿದ್ದು ಬಿದ್ದು ನಕ್ಕ. "ಅಣ್ಣಾ, ಏನಿದು! ಎರಡೂ ಎಡ ರೆಕ್ಕೆನೇ ಮಾಡಿಟ್ಟಿದೀರಲ್ಲ!"

ನಕ್ಷೆಯನ್ನು ಮಗುಚದೆ ಅದೇ ಮಗ್ಗುಲಲ್ಲಿ ಮತ್ತೆ ಕಟ್ಟಿದ್ದರು. ಅದು ಹೊಸಬರು ಮಾಡುವ ತಪ್ಪು. ಅದಕ್ಕಾಗಿ ಇವರು ಗೇಲಿ ಮಾಡದ ಜನವಿಲ್ಲ. ಇವರು ರೆಕ್ಕೆಯನ್ನು ಬೋರಲು ಹಾಕಿದರು. ಮೇಲಿರಬೇಕಾದ ಉಬ್ಬು ಕೆಳಗಾಯಿತು. ಮತ್ತೆ ತಿರುಗಿಸಿದರು. "ಸರಿಯಾಗೇ ಇದೆಯಲ್ಲೋ," ಎಂದರು. ಫೆಲಿಕ್ಸ್ ನಗು ನಿಲ್ಲಿಸಿ ನನ್ನ ಮುಖ ನೋಡಿದ.

ನನಗೆ ಒಂದೊಂದೇ ನೆನಪಾಗತೊಡಗಿತು. ಅದಲುಬದಲಾದ ಚಪ್ಪಲಿ, ಅಂಗಿಯ ತೋಳಿನೊಡನೆ ಗುದ್ದಾಟ, ನಮ್ಮದೇ ಬೀದಿಯ ತಿರುವಿನಲ್ಲಿ ದಾರಿ ತೋಚದೆ ನಿಂತದ್ದು, ಎಲ್ಲಕ್ಕೂ ವಯಸ್ಸಿನ ಹೆಸರು ಹೇಳಿ ನಕ್ಕುಬಿಟ್ಟಿದ್ದೆ. ಅವನು ಹೋದ ಮೇಲೆ ಮೆಲ್ಲಗೆ ಮಾತೆತ್ತಿದೆ.

"ಈ ಸಲ ಫೆಲಿಕ್ಸ್ ಹಾರಿಸ್ಲಿ ಕಣ್ರೀ. ಮೈದಾನದ ತುಂಬ ಮಕ್ಕಳು ಕೂತಿರ್ತವೆ."

"ನಂಗೆ ತಲೆ ಕೆಟ್ಟಿದೆ ಅಂತೀಯೇನೆ?"

"ಹಾಗಂದ್ನಾ ನಾನು?"

"ಮತ್ತಿನ್ನೇನಂದೆ?" ಸೂಜಿಗಳನ್ನು ಒಂದೊಂದಾಗಿ ಡಬ್ಬಿಗೆ ತುಂಬಿದರು. "ಇದೊಂದು ಸಲ ನೋಡ್ತೀನಿ. ಕೈಗೆ ಬರ್ಲಿಲ್ಲ ಅಂದ್ರೆ ನಾನೇ ಬಿಡ್ತೀನಿ. ನೀನು ಬಿಡಿಸ್ಬೇಡ."

ಒಳಗೆ ಹೋಗಿ ಆ ಬಟ್ಟಲಿಗೆ ನಾನೇ ಎಣ್ಣೆ ಹಾಕಿ ತಂದೆ. ನಾನು ಕಾಗದ ಮಗುಚಿದೆ, ಇವರು ಕಟ್ಟಿದರು. ಬೆರಳುಗಳು ಏನನ್ನೂ ಮರೆತಿರಲಿಲ್ಲ. ಕೊಯ್ದ ಕಡ್ಡಿಯೊಂದೂ ಎಳೆಯಷ್ಟೂ ತಪ್ಪಲಿಲ್ಲ.

ಹಾರಾಟದ ದಿನ ವಿಮಾನ ಸಲೀಸಾಗಿ ಏರಿತು. ದೂರ ಹೋಗಿ, ತಿರುಗಿ, ನಮ್ಮತ್ತ ಬರತೊಡಗಿತು. ಎದುರು ಬರುವ ವಿಮಾನದ ಎಡ ನಮಗೆ ಬಲ; ರೇಡಿಯೊ ಪೆಟ್ಟಿಗೆಯ ಮೇಲಿನ ಪುಟ್ಟ ಕೋಲನ್ನು ಅದನ್ನರಿತು ಆಡಿಸಬೇಕು. ವಿಮಾನ ಮಕ್ಕಳು ಕುಳಿತಿದ್ದ ಕಡೆಗೆ ವಾಲಿತು. ತಪ್ಪಿಸಲೆಂದು ಇವರು ಕೋಲು ಒತ್ತಿದರು. ಅದು ಇನ್ನಷ್ಟು ಅತ್ತಲೇ ವಾಲಿತು. ಫೆಲಿಕ್ಸ್ ಅಷ್ಟು ದೂರದಿಂದ ಓಡಿ ಬರುತ್ತಿದ್ದ.

"ಯಾವ ಕಡೆನೇ?" ಎಂದು ಇವರು ನನ್ನನ್ನು ಕೇಳಿದರು. ಅಷ್ಟು ಸಣ್ಣ ದನಿಯನ್ನು ನಾನು ಇವರ ಬಾಯಿಂದ ಕೇಳಿರಲಿಲ್ಲ.

ಹೊಸಬರಿಗೆ ಇವರೇ ಹೇಳಿಕೊಡುತ್ತಿದ್ದ ಉಪಾಯವೊಂದಿತ್ತು: ವಿಮಾನಕ್ಕೆ ಬೆನ್ನು ಮಾಡಿ ಹೆಗಲ ಮೇಲಿಂದ ನೋಡು, ಆಗ ಅದರ ಎಡವೇ ನಿನ್ನ ಎಡ. ಎರಡೂ ಭುಜ ಹಿಡಿದು ಇವರನ್ನು ಗಿರಕ್ಕನೆ ತಿರುಗಿಸಿದೆ. "ಹೆಗಲ ಮೇಲಿಂದ ನೋಡ್ರೀ! ಈಗ ಎಡಕ್ಕೆ!"

ವಿಮಾನ ಮಕ್ಕಳ ನೆತ್ತಿಯ ಮೇಲೆಯೇ ಹಾದು ಎಡಕ್ಕೆ ಹೊರಳಿ, ಹುಲ್ಲಿನ ಮೇಲೆ ಕುಪ್ಪಳಿಸಿ ನಿಂತಿತು. ಇದೂ ಆಟವೇ ಎಂದುಕೊಂಡು ಮಕ್ಕಳು ಚಪ್ಪಾಳೆ ತಟ್ಟಿದವು. ಇವರು ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಫೆಲಿಕ್ಸನಿಗೆ ಕೊಟ್ಟು, "ಇನ್ಮೇಲೆ ನಿಂದೇ ಕಣೋ," ಎಂದರು. ಅಷ್ಟು ಜನರ ನಡುವೆ ನಾನು ನಾಚಿಕೆಯಿಲ್ಲದೆ ಅತ್ತೆ.

ಆಮೇಲೆ ನಮ್ಮ ಮನೆಯಲ್ಲಿ ಯಾವ ರೆಕ್ಕೆಯನ್ನೂ ಕಟ್ಟಲಿಲ್ಲ. ಮೇಜು ಬರಿದಾಯಿತು, ಕ್ರಮೇಣ ನನ್ನ ಹೆಸರೂ ಇವರಿಗೆ ಸಿಗದಾಯಿತು. ಆದರೂ ಕೊನೆಯವರೆಗೂ ಸಂಜೆ ಹೊತ್ತು ಹಿತ್ತಾಳೆ ಬಟ್ಟಲು ಹಿಡಿದು ಅಡುಗೆಮನೆಯ ಬಾಗಿಲಿಗೆ ಬರುತ್ತಿದ್ದರು.

"ಎಡಗಡೇದು ಮುಗೀತು," ಎನ್ನುತ್ತಿದ್ದರು, ಪರರ ಮನೆಗೆ ಬಂದವರ ಸಂಕೋಚದಲ್ಲಿ. "ಒಂದು ಚಮಚ ಎಣ್ಣೆ ಕೊಡ್ತೀರಾಮ್ಮಾ?"

ನಾನು ಗೊಣಗದೆ ಬಟ್ಟಲಿನ ತುಂಬ ಸುರಿಯುತ್ತಿದ್ದೆ.