ರನ್‌ವೇ ಮೇಲೆ ಮಲಗಿದ ಹೊಗೆ

ಎಂಬತ್ತೇಳರ ಚಳಿಗಾಲ. ಮಹಾದೇವಮ್ಮನ ಸಂಭ್ರಮ ಹೇಳತೀರದು. ಮಗಳು ಪ್ರಭಾ ಮೂರು ತಿಂಗಳ ಕೂಸನ್ನು ಎತ್ತಿಕೊಂಡು ಮುಂಬಯಿಯಿಂದ ಬೆಳಗಿನ ವಿಮಾನಕ್ಕೆ ನಾಗಪುರಕ್ಕೆ ಬರುವವಳಿದ್ದಳು. ಮೊಮ್ಮಗಳ ಮುಖವನ್ನು ಅಜ್ಜಿ ಇನ್ನೂ ಕಂಡಿರಲಿಲ್ಲ. ಬಂದ ಕೂಡಲೇ ಎಣ್ಣೆ ಹಚ್ಚಿ ಎರೆಯಬೇಕೆಂದು ಹಿತ್ತಲಲ್ಲಿ ಹಂಡೆ ನೀರಿಟ್ಟು, ಒಣ ಎಲೆ ಗುಡಿಸಿ ಉರಿ ಹಾಕಿದ್ದಳು.

ಆ ಕ್ವಾರ್ಟರ್ಸಿನ ಹಿತ್ತಲುಗಳು ನಾಗಪುರದ ವಿಮಾನ ನಿಲ್ದಾಣದ ಗೋಡೆಗೇ ಅಂಟಿದ್ದವು; ಅಲ್ಲಿನ ಹೆಂಗಸರೆಲ್ಲ ಹೀಗೇ. ಹೊಗೆ ಮನೆಯೊಳಗೆ ನುಗ್ಗಬಾರದೆಂದು ಎಲೆಯ ಗುಡ್ಡೆಗಳನ್ನು ಆ ಗೋಡೆಯ ಪಕ್ಕದಲ್ಲೇ ಸುಡುತ್ತಿದ್ದರು. ಗೋಡೆಯಾಚೆ ಏನಾಗುತ್ತದೆಂದು ಯಾರೂ ತಲೆ ಕೆಡಿಸಿಕೊಂಡವರಲ್ಲ.

ತಲೆಯ ಮೇಲೆ ವಿಮಾನದ ಸದ್ದು ಬಂತು, ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು. ಅಷ್ಟರಲ್ಲಿ ಹವಾಮಾನ ಕಚೇರಿಯಲ್ಲಿ ಕೆಲಸ ಮಾಡುವ ಪಕ್ಕದ ಮನೆಯ ಕಾಶೀನಾಥ ಸೈಕಲ್ ತುಳಿಯುತ್ತ ಬಂದ.

"ಅಕ್ಕಾರ, ಜಲ್ದಿ ಉರಿ ಆರಸ್ರಿ. ವಿಮಾನ ಇಳಿಯಾಕ ಆಗವಲ್ದು. ರನ್‌ವೇ ಕಾಣವಲ್ದಂತ ನಮ್ಮ ಹೊಸಾ ಲೇಸರ್ ಮಷೀನ್ ಹೇಳಾಕತ್ತೈತಿ."

"ಏನ್ ಮಾತಾಡ್ತಿ ತಮ್ಮಾ? ನನಗ ಆಚಿ ನೀರಿನ ಟಾಕಿ ಬರೋಬರ್ ಕಾಣತೈತಿ. ನಿಮ್ಮ ಮಷೀನಿಗೆ ಚಾಳೀಸು ಬಂದಿರಬೇಕು."

ಆ ಗಡಿಬಿಡಿಯಲ್ಲೂ ಕಾಶೀನಾಥನಿಗೆ ನಗು ಬಂತು.

"ಟಾಕಿ ಎತ್ತರಕೈತ್ರೀ. ಹೊಗಿ ಮಂಜಿನ ಕೂಡ ಬೆರತು ನೆಲ ಹಿಡಕೊಂಡು ಮಲಗೇತಿ. ಮಷೀನು ಗಾಳ್ಯಾಗ ಬೆಳಕು ಬಿಡತೈತಿ. ಹೊಗಿ, ಮಂಜು ಇದ್ರ ಅದಕ್ಕ ಬಡದು ಬೆಳಕು ಹೊಳ್ಳಿ ಬರತೈತಿ. ಎಷ್ಟು ಹೊಳ್ಳಿ ಬಂತು ನೋಡಿ, ಎಷ್ಟು ದೂರ ಕಾಣತೈತಿ ಅಂತ ತಿಳೀತೈತಿ. ಪೈಲಟ್‌ಗೆ ಬೇಕಾಗಿದ್ದು ಟಾಕಿ ಅಲ್ಲ, ನೆಲ."

"ಇಳೀಲಿಲ್ಲಂದ್ರ?"

"ಸ್ವಲ್ಪ ಹೊತ್ತು ಸುತ್ತತಾರ. ಆಮ್ಯಾಲ ಹೊಳ್ಳಿ ಮುಂಬಯಿಗೆ."

ಮಹಾದೇವಮ್ಮ ಮೊಮ್ಮಗಳಿಗೆಂದು ಕಾಯಿಸಿದ ನೀರನ್ನೇ ತಂಬಿಗೆಯಲ್ಲಿ ಮೊಗೆಮೊಗೆದು ಉರಿಗೆ ಸುರಿದಳು. ಆಮೇಲೆ ಸೆರಗು ಸಿಕ್ಕಿಸಿ ಸಾಲಿನುದ್ದಕ್ಕೂ ಬಾಗಿಲು ಬಡಿಯುತ್ತ ಹೋದಳು.

"ವನಜಾಕ್ಷೀ, ಮೊದಲ ಉರಿ ಆರಸು. ನನ್ನ ಮೊಮ್ಮಗಳು ಮ್ಯಾಲ ಅದಾಳ."

ಹೆಂಗಸರೆಲ್ಲ ಬಕೆಟ್ ಹಿಡಿದು ಹೊರಬಿದ್ದರು. ಗುಡ್ಡೆಗಳು ಒಂದೊಂದಾಗಿ ಆರಿದವು, ಬಿಸಿಲೂ ಏರಿತು. ಮತ್ತೆ ಬಂದ ವಿಮಾನ ಈ ಸಲ ಗೋಡೆಯಾಚೆ ಇಳಿಯಿತು.

ಮನೆಗೆ ಬಂದ ಪ್ರಭಾ ಕೂಸನ್ನು ತಾಯಿಯ ಮಡಿಲಿಗೆ ಹಾಕಿ ಕೇಳಿದಳು, "ಎಲ್ಲೈತಿ ಅವ್ವಾ, ಎರಿಯೋ ನೀರು?"

"ನಿಮ್ಮನ್ನ ಇಳಿಸಾಕ ಖರ್ಚಾತು," ಎಂದು ಮಹಾದೇವಮ್ಮ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. ಆ ದಿನ ಸ್ಟೋವಿನ ಮೇಲೆ ಬೇರೆ ನೀರು ಕಾಯಿತು. ಮರುದಿನದಿಂದ ಆ ಸಾಲಿನ ಎಲೆಗಳೆಲ್ಲ ಗೊಬ್ಬರದ ಗುಂಡಿ ಸೇರಿದವು.

ಅಕ್ಕಂದಿರೇ, ಅಣ್ಣಂದಿರೇ, ವಿಮಾನ ನಿಲ್ದಾಣದ ಹತ್ತಿರ ಎಲೆ, ಕಸ ಸುಡಬೇಡಿ. ಗುಂಡಿ ತೋಡಿ ಗೊಬ್ಬರ ಮಾಡಿ. ನಿಮ್ಮ ಕಣ್ಣಿಗೆ ಎಲ್ಲವೂ ನಿಚ್ಚಳವಾಗಿ ಕಂಡರೂ ಮೇಲಿದ್ದವರಿಗೆ ನೆಲ ಕಾಣದಿರಬಹುದು. ಆ ವಿಮಾನದಲ್ಲಿ ಯಾರದೋ ಮೊಮ್ಮಗಳಿರುತ್ತಾಳೆ.